ಹನ್ನೆರಡು ಸಂಬಳ, ಒಂದೇ ಹಾಳೆ

ರಾಯಚೂರಿನಲ್ಲಿ ಮನೆಖರ್ಚು ತಿಂಗಳ ಪ್ರಕಾರ ಬರುವುದಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಜೋಳ, ಮೆಣಸಿನಕಾಯಿ, ಹುಣಸೆಹಣ್ಣು. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳು, ಕರೆಂಟ್ ಬಿಲ್ಲು. ಜೂನ್ ಬಂತೆಂದರೆ ಶಾಲೆ. ಸಂಬಳ ಮಾತ್ರ ಹನ್ನೆರಡು ಸಮ ತುಂಡಾಗಿ ಬರುತ್ತದೆ. ಬರೀ ತಿಂಗಳ ಲೆಕ್ಕ ಬರೆಯುವವರು ಆಗಸ್ಟ್‌ನಲ್ಲಿ ಉಳಿತಾಯವಾಯಿತೆಂದು ಖುಷಿಪಟ್ಟು ಜೂನ್‌ನಲ್ಲಿ ಕೈಗಡ ಕೇಳುವುದು ಇದಕ್ಕೇ. ಇಬ್ಬರೂ ದುಡಿಯುವ, ಇಬ್ಬರು ಮಕ್ಕಳಿರುವ ನಮ್ಮ ಮನೆಯಲ್ಲಿ ನಾನು ಇಡುವುದು ವರ್ಷದ ಒಂದು ಹಾಳೆ.

ಆ ಹಾಳೆಯಲ್ಲಿ ದಿನದ ಹಾಲು, ಕಾಯಿಪಲ್ಲೆ, ಪೆಟ್ರೋಲ್ ಬರೆಯುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಬರುವ ದೊಡ್ಡ ಖರ್ಚು ಮಾತ್ರ. ನಮ್ಮದು ಹೀಗಿದೆ: ಇಬ್ಬರ ಶಾಲೆಯ ಫೀ, ಪುಸ್ತಕ, ಸಮವಸ್ತ್ರ, ಶೂ ಸೇರಿ 62,000, ವರ್ಷದ ಕಾಳುಕಡಿ 34,000, ಆರೋಗ್ಯವಿಮೆ, ಟರ್ಮ್ ವಿಮೆ, ಬೈಕಿನ ವಿಮೆ 31,000, ಹಬ್ಬ, ಜಾತ್ರೆ, ಮುಯ್ಯಿ 28,000, ಬೈಕ್ ಸರ್ವಿಸ್, ಮೋಟರ್, ಕೂಲರ್ ದುರಸ್ತಿ, ಮನೆ ಕಂದಾಯ 13,000. ಒಟ್ಟು 1,68,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 14,000. ಸಂಬಳ ಬಿದ್ದ ದಿನವೇ ಇಷ್ಟು ಹಣ ಬೇರೆ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆ ಖಾತೆಗೆ ಎಟಿಎಂ ಕಾರ್ಡ್ ತೆಗೆದುಕೊಂಡಿಲ್ಲ, ಫೋನ್‌ಪೇಗೂ ಜೋಡಿಸಿಲ್ಲ. ಕೈಗೆ ಸುಲಭವಾಗಿ ಸಿಕ್ಕರೆ ಅದು ಮೂರನೇ ವಾರದ ಖರ್ಚಿನ ಹಣವಾಗಿಬಿಡುತ್ತದೆ.

ಶುರು ಮಾಡುವ ತಿಂಗಳು ಬಹಳ ಮುಖ್ಯ. ಹೊಸ ವರ್ಷವೆಂದು ಜನವರಿಯಲ್ಲಿ ಶುರು ಮಾಡಿದರೆ ಮೊದಲ ಸಲವೇ ಸೋಲು. ಮೇ ಮುಗಿಯುವಾಗ ಖಾತೆಗೆ ಬಿದ್ದಿರುವುದು 70,000, ಅಷ್ಟರಲ್ಲಿ ಕಾಳುಕಡಿ ಮತ್ತು ಶಾಲೆಗೇ 96,000 ಬೇಕು. 26,000 ಕಡಿಮೆ ಬೀಳುತ್ತದೆ, 'ಇದೆಲ್ಲ ನಡೆಯೋದಲ್ಲ' ಎಂದು ಕೈಬಿಡುತ್ತಾರೆ. ಶಾಲೆಯ ಫೀ ಕಟ್ಟಿ ಮುಗಿದ ಮೇಲೆ, ಜುಲೈನಲ್ಲಿ ಶುರು ಮಾಡಬೇಕು. ಆಗ ಮೇವರೆಗೆ ಹನ್ನೊಂದು ಕಂತು, 1,54,000. ಶಾಲೆ ಬಿಟ್ಟು ಉಳಿದ ಖರ್ಚೆಲ್ಲ ಕಳೆದರೆ 48,000 ಇರುತ್ತದೆ. ಜೂನ್ ಕಂತು ಸೇರಿದರೆ 62,000ಕ್ಕೆ ಸರಿಯಾಗಿ ಮುಟ್ಟುತ್ತದೆ. ಶಾಲೆಯವರು ಮೇ ಕೊನೆಗೇ ಪೂರ್ತಿ ಕಟ್ಟಿ ಎಂದರೆ ಮಾತ್ರ 14,000 ಕಡಿಮೆ ಬೀಳುತ್ತದೆ. ಅದಕ್ಕೆ ಏಪ್ರಿಲ್‌ನಲ್ಲೇ ಆಫೀಸಿಗೆ ಹೋಗಿ ಎರಡು ಕಂತು ಮಾಡಿಸಿಕೊಳ್ಳುತ್ತೇವೆ. ಮೊದಲೇ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಜೂನ್ ಎರಡನೇ ವಾರ ಕೇಳಿದರೆ ಮುಖ ಬೇರೆಯಾಗುತ್ತದೆ.

ಮುಯ್ಯಿಗೆ ಪ್ರತ್ಯೇಕ ನೋಟ್‌ಬುಕ್ ಇದೆ. ನಮ್ಮ ಮನೆಯ ಕಾರ್ಯಕ್ಕೆ ಯಾರು ಎಷ್ಟು ಓದಿಸಿದರು, ಸೀರೆಯೋ, ಪಾತ್ರೆಯೋ, ಎಲ್ಲ ಅದರಲ್ಲಿದೆ. ಮದುವೆ ಕಾರ್ಡ್ ಬಂದ ಕೂಡಲೇ ಪುಟ ತೆಗೆದು ನೋಡಿದರೆ ಸಾಕು, ಎಷ್ಟು ಕೊಡಬೇಕೆಂಬ ಚರ್ಚೆಯೇ ಬೇಡ.

ಮಗಳ ಸುಕನ್ಯಾ ಸಮೃದ್ಧಿ ಖಾತೆ ಈ ಹಾಳೆಗೆ ಸೇರಿಲ್ಲ, ಅದು ತಿಂಗಳ ಖರ್ಚಿನಲ್ಲೇ ಬರುತ್ತದೆ. ಹುಡುಗಿಗೆ 10 ತುಂಬುವುದರೊಳಗೆ ತೆಗೆಯಬೇಕು. ವರ್ಷಕ್ಕೆ ಕನಿಷ್ಠ 250, ಹೆಚ್ಚೆಂದರೆ ಒಂದೂವರೆ ಲಕ್ಷ, 15 ವರ್ಷ ಕಟ್ಟಬೇಕು. ಬಹಳ ಮಂದಿ ತಪ್ಪುವುದು ತಾರೀಖಿನಲ್ಲಿ. ಬಡ್ಡಿ ಲೆಕ್ಕ ಹಾಕುವುದು ತಿಂಗಳ 5ನೇ ತಾರೀಖಿನಿಂದ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ. 6ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಸಂಬಳ 7ಕ್ಕೆ ಬರುವವರು ಅಂದೇ ಕಟ್ಟಿದರೂ, ಎತ್ತಿಟ್ಟು ಮುಂದಿನ ತಿಂಗಳ 2 ಅಥವಾ 3ಕ್ಕೆ ಕಟ್ಟಿದರೂ ಬಡ್ಡಿ ಒಂದೇ, 5 ದಾಟಬಾರದು ಅಷ್ಟೇ.

ಈಗ ಜೋಳ. ರೊಟ್ಟಿ ಒಂದಕ್ಕೆ ಸುಮಾರು 65 ಗ್ರಾಂ ಹಿಟ್ಟು, ದಿನಕ್ಕೆ ಒಂಬತ್ತು ರೊಟ್ಟಿ. ವರ್ಷಕ್ಕೆ ಸುಮಾರು 213 ಕಿಲೋ ಆಗುತ್ತದೆ. ಹಬ್ಬ, ಊರಿಗೆ ಹೋದ ದಿನಗಳನ್ನು ತೆಗೆದರೆ 2 ಕ್ವಿಂಟಲ್ ಸಾಕು. ಹಿಂಗಾರಿ ಬಿಳಿಜೋಳ ಗಂಜ್‌ಗೆ, ಅಂದರೆ ಕಾಳಿನ ಸಗಟು ಮಾರುಕಟ್ಟೆಗೆ, ಬರಲು ಶುರುವಾಗಿ ಎರಡು ವಾರವಾದ ಮೇಲೆ ಕೊಳ್ಳುತ್ತೇವೆ. ಕೈಯಲ್ಲಿ ಹಿಡಿದರೆ ತಣ್ಣಗೆನಿಸಿದರೆ, ಹಲ್ಲಲ್ಲಿ ಕಡಿದಾಗ ಕಟ್ಟೆನ್ನದೆ ಮೆತ್ತಗೆ ಒಡೆದರೆ ಇನ್ನೂ ಹಸಿ ಇದೆ ಎಂದರ್ಥ.

ತಂದ ಜೋಳವನ್ನು ಎರಡು ದಿನ ಬಿಸಿಲಿಗೆ ಹಾಕುತ್ತೇವೆ. ಕೆಡುವುದು ಇದರ ನಂತರದ ಹೆಜ್ಜೆಯಲ್ಲಿ. ಸಂಜೆ ಬಿಸಿ ಇರುವಾಗಲೇ ಡ್ರಮ್ಮಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರುತ್ತದೆ, ಮುಚ್ಚಳದ ಕೆಳಗಿನ ಪದರಕ್ಕೆ ಮೊದಲು ಬೂಸಲು, ಆಮೇಲೆ ನುಸಿ. ರಾತ್ರಿ ಇಡೀ ನೆರಳಲ್ಲಿ ಹರಡಿ, ಬೆಳಗ್ಗೆ ತಣ್ಣಗಾದ ಮೇಲೆ ತುಂಬಬೇಕು. ನೆರಳಲ್ಲಿ ಒಣಗಿಸಿದ ಬೇವಿನೆಲೆ ಪದರ ಪದರವಾಗಿ ಹಾಕುತ್ತೇವೆ. ಎಲೆ ಹಸಿ ಇದ್ದರೆ ಅದೇ ತೇವ ಕೊಡುತ್ತದೆ. ಒಂದೇ ದೊಡ್ಡ ಡ್ರಮ್ ಬೇಡ, 70 ಕಿಲೋ ಹಿಡಿಯುವ ಮೂರು ಇರಲಿ. ದೊಡ್ಡದು ಅರ್ಧ ಖಾಲಿಯಾದ ಮೇಲೆ ಒಳಗೆ ಗಾಳಿ ಹೆಚ್ಚು, ದಿನಾ ತೆಗೆದು ಮುಚ್ಚುವುದೂ ಹೆಚ್ಚು, ಹುಳಕ್ಕೆ ಅದೇ ಬೇಕಾದದ್ದು. ತುಂಬಿದ ಡ್ರಮ್ ಮುಟ್ಟದೆ ಇಟ್ಟರೆ ದೀಪಾವಳಿವರೆಗೂ ಏನೂ ಆಗುವುದಿಲ್ಲ.

ಗಿರಣಿಗೆ ಒಂದು ಸಲಕ್ಕೆ 5 ಕಿಲೋ, ಎಂಟೊಂಬತ್ತು ದಿನಕ್ಕೆ. ಪದೇ ಪದೇ ಹೋಗುವುದು ಬೇಸರವೆಂದು 15 ಕಿಲೋ ಬೀಸಿಟ್ಟರೆ ಬೇಸಿಗೆಯಲ್ಲಿ ಹಿಟ್ಟಿನ ಜಿಗುಟು ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಎಷ್ಟು ಕುದಿಯುವ ನೀರು ಹಾಕಿ ನಾದಿದರೂ ಅದು ಸರಿಹೋಗದು. ಬೀಸಿ ತಂದ ಬಿಸಿ ಹಿಟ್ಟನ್ನೂ ಪೇಪರ್ ಮೇಲೆ ಹರಡಿ ಆರಿಸಿಯೇ ಡಬ್ಬಿಗೆ ಹಾಕಬೇಕು. ಇನ್ನೊಂದು ಮಾತು: ಮೆಣಸಿನಕಾಯಿ ಕುಟ್ಟಿಸುವ ಸುಗ್ಗಿಯಲ್ಲಿ ಗಿರಣಿಯವರನ್ನು ಕೇಳಿಯೇ ಜೋಳ ಹಾಕಬೇಕು. ಒಳ್ಳೆಯ ಗಿರಣಿಯವರು ತಾವೇ ಹೇಳುತ್ತಾರೆ, 'ಅಕ್ಕಾರ, ಈಗ ಖಾರ ಹಾಕೀನಿ, ನಾಳಿ ಬರ್ರಿ' ಎಂದು.

ಅಕ್ಕಿ ಹಾಗಲ್ಲ. ಸಿಂಧನೂರು, ಗಂಗಾವತಿ ಕಡೆಯ ಸೋನಾ ಮಸೂರಿ ವರ್ಷವಿಡೀ ಸಿಗುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಆರು ತಿಂಗಳು ಹಳೆಯದಾದರೆ ಉದುರುದುರು. ಹಳೆಯದಕ್ಕೆ ಅಂಗಡಿಯಲ್ಲಿ ಬೆಲೆ ಹೆಚ್ಚು. ಜಾಗ ಇದ್ದವರು ಹೊಸದನ್ನೇ ಕೊಂಡು ತಾವೇ ಹಳೆಯದು ಮಾಡಿಕೊಳ್ಳಬಹುದು.

ಹಾಳೆಗೆ ಬಗ್ಗದ ಖರ್ಚು ಒಂದೇ, ಬೇಸಿಗೆಯ ಕರೆಂಟ್. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆ ನೋಡಿ ಮನೆಗಿಷ್ಟು ಎಂದು ಉಚಿತ ಯೂನಿಟ್ ಗೊತ್ತು ಮಾಡಿದ್ದಾರೆ. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದು. ಅಂದರೆ 201ನೇ ಯೂನಿಟ್ ಒಂದಕ್ಕೇ ಬಹಳ ದುಬಾರಿ ಬೆಲೆ ತೆರುತ್ತೇವೆ. ದಿನಕ್ಕೆ 6.6 ಯೂನಿಟ್ ಮಿತಿ.

ಮೇ ತಿಂಗಳ ನಮ್ಮ ಒಂದು ದಿನ ನೋಡಿ. 180 ವ್ಯಾಟ್ ಕೂಲರ್ 9 ತಾಸು, 1.6 ಯೂನಿಟ್. ಫ್ರಿಜ್ 1.2. 75 ವ್ಯಾಟಿನ ಮೂರು ಫ್ಯಾನು 12 ತಾಸು, 2.7. ಲೈಟು, ಟಿವಿ 0.6. ಅರ್ಧ ಎಚ್‌ಪಿ ಮೋಟರ್ ಒಂದು ತಾಸು, 0.5. ಕೂಡಿದರೆ ಸರಿಯಾಗಿ 6.6. ಎರಡು ದಿನ ನೆಂಟರು ಬಂದರೆ, ಇಸ್ತ್ರಿ ಪೆಟ್ಟಿಗೆ ಹಾಕಿದರೆ ಗಡಿ ದಾಟಿತು. ಎಲ್ಲರೂ ಬೈಯುವುದು ಕೂಲರನ್ನು. ಆದರೆ ಲೆಕ್ಕದಲ್ಲಿ ದೊಡ್ಡ ಪಾಲು ಫ್ಯಾನಿನದು. ಮೂರನ್ನೂ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ 2.7 ಇದ್ದದ್ದು 1.1ಕ್ಕೆ ಇಳಿಯುತ್ತದೆ, ತಿಂಗಳಿಗೆ 48 ಯೂನಿಟ್ ಉಳಿಯುತ್ತದೆ. ಎಸಿ ಹಾಕಿಸುವವರು ಬೇಸಿಗೆಯ ಮೂರು ತಿಂಗಳು ಉಚಿತದ ಆಸೆ ಬಿಟ್ಟು, ಆ ಬಿಲ್ಲನ್ನು ವರ್ಷದ ಹಾಳೆಗೇ ಬರೆಯುವುದು ಮೇಲು.

ಮೀಟರ್ ಓದಿ ಹೋದ ದಿನದಿಂದ ಹತ್ತನೇ ದಿನ, ಇಪ್ಪತ್ತನೇ ದಿನ ಮೊಬೈಲಿನಲ್ಲಿ ಮೀಟರಿನ ಫೋಟೊ ತೆಗೆಯುತ್ತೇನೆ. ಹತ್ತನೇ ದಿನಕ್ಕೆ 65 ದಾಟಿದ್ದರೆ ಅಂದಿನಿಂದಲೇ ಬಿಗಿ. ಇಪ್ಪತ್ತೆಂಟನೇ ದಿನ ಗೊತ್ತಾಗಿ ಉಪಯೋಗವಿಲ್ಲ. ಕೂಲರ್ ಇಟ್ಟ ಕೋಣೆಯ ಎದುರಿನ ಕಿಟಕಿ ನಾಲ್ಕು ಬೆರಳಾದರೂ ತೆರೆದಿರಬೇಕು. ಮುಚ್ಚಿಟ್ಟರೆ ತೇವ ಒಳಗೇ ತುಂಬಿ, ಗಾಳಿ ಬರುತ್ತದೆ, ತಂಪಾಗುವುದಿಲ್ಲ. ಬೋರ್ ನೀರು ಹಾಕಿದರೆ ಪ್ಯಾಡಿಗೆ ಬಿಳಿ ಸುಣ್ಣ ಕಟ್ಟುತ್ತದೆ. ನಳದ ನೀರು ಬಂದ ದಿನ ಕೂಲರಿಗೆಂದು ಎರಡು ಕೊಡಪಾನ ಬೇರೆ ಇಡುತ್ತೇವೆ.

ಕಾಗದಪತ್ರಕ್ಕೂ ಕಾಲವಿದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೇ, ಜೂನ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಜನವರಿಯಲ್ಲಿ ಖಾಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ಮಾತ್ರ. ಅರ್ಧ ದಿನ ರಜೆ ಹಾಕುವುದಾದರೆ ಬೆಳಗಿನದೇ ಹಾಕಬೇಕು. ಕಲ್ಯಾಣ ಕರ್ನಾಟಕದ ಸ್ಥಳೀಯರೆಂದು ತೋರಿಸುವ 371ಜೆ ಪ್ರಮಾಣಪತ್ರ ಪಿಯುಸಿ ಮುಗಿದ ಮೇಲೆ ನೆನಪಾದರೆ ಓಡಾಟ ತಪ್ಪದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗಿರುವ 70% ಸೀಟು ಅದರ ಮೇಲೇ ನಿಂತಿದೆ. ಅರ್ಜಿ ಕೊಡುವ ಮುನ್ನ ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರರಲ್ಲೂ ಮಗುವಿನ ಹೆಸರು, ತಂದೆಯ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯೇ ನೋಡಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಅರ್ಜಿ ವಾಪಸ್ ಬರುತ್ತದೆ. ಮಗುವಿಗೆ 5 ಮತ್ತು 15 ತುಂಬಿದಾಗ ಆಧಾರ್‌ಗೆ ಬೆರಳಚ್ಚು ಕೊಡಬೇಕು. ಹೆಸರಿನ ತಿದ್ದುಪಡಿ ಇದ್ದರೆ ಅದೇ ಓಡಾಟದಲ್ಲಿ ಮುಗಿಸಿಕೊಳ್ಳಬಹುದು.

ಇನ್ನು ದಿನದ ಅಡುಗೆ. ಒಬ್ಬರದು ಶಿಫ್ಟ್ ಡ್ಯೂಟಿ ಇರುವ ಮನೆಯಲ್ಲಿ ವಾರದ ಮೆನು ಬರೆದು ಅಂಟಿಸುವುದು ಚಂದಕ್ಕಷ್ಟೇ. ನಡೆಯುವುದು ಡಬ್ಬಿಯಲ್ಲಿ ಏನಿದೆ ಎಂಬುದರ ಮೇಲೆ. ಶೇಂಗಾ ಚಟ್ನಿಗೆ ಅರ್ಧ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಮೂರು ಚಮಚ ಖಾರದ ಪುಡಿ, ಎರಡು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಮಿಕ್ಸಿಯಲ್ಲಿ ಮೂರು ಮೂರು ಸೆಕೆಂಡ್ ತಿರುಗಿಸಿ ನಿಲ್ಲಿಸಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಚಟ್ನಿ ಹೋಗಿ ಉಂಡೆಯಾಗುತ್ತದೆ. ಇದು ಬೇಸಿಗೆಯಲ್ಲಿ ಮೂರು ವಾರ ತಡೆಯುತ್ತದೆ. ಅಗಸಿ ಚಟ್ನಿ ಎರಡೇ ವಾರ, ಆಮೇಲೆ ಕಮಟು ವಾಸನೆ. ಅಂಗಡಿಯಲ್ಲಿ ಎಣಿಸಿ ಕೊಡುವ ಖಡಕ್ ರೊಟ್ಟಿ ತಿಂಗಳಿಗೆ ಐವತ್ತು ತರುತ್ತೇವೆ, ನೈಟ್ ಶಿಫ್ಟ್ ವಾರಕ್ಕೆಂದೇ. ಮಳೆಗಾಲದಲ್ಲಿ ಅವು ಮೆತ್ತಗಾದರೆ ತವೆಯ ಮೇಲೆ ಅರ್ಧ ನಿಮಿಷ ಇಟ್ಟರೆ ಮತ್ತೆ ಗರಿಗರಿ.