ಹೊಸ ಕಾರು: ಕೆಎ 12 ಬೀಳುವ ಮೊದಲೇ ನೋಡಿ

ಹೊಸ ಕಾರನ್ನು ಪರೀಕ್ಷಿಸುವ ಹೊತ್ತು ಟೈರಿಗೆ ನಿಂಬೆಹಣ್ಣಿಡುವ ದಿನವಲ್ಲ, ನೋಂದಣಿಗೆ ಮುಂಚೆ. ಮಡಿಕೇರಿ ಆರ್‌ಟಿಒದ ಕೆಎ 12 ಸಂಖ್ಯೆ ನಿಮ್ಮ ಹೆಸರಿಗೆ ಬಂದ ಮೇಲೆ ದೋಷ ಕಂಡರೆ ಷೋರೂಮಿನವರು ಸಾಮಾನ್ಯವಾಗಿ ರಿಪೇರಿಗಷ್ಟೇ ಒಪ್ಪುತ್ತಾರೆ, ಬೇರೆ ಕಾರು ಕೊಡುವುದಿಲ್ಲ. ಮೈಸೂರಿನಲ್ಲಿ ಕೊಂಡ ಮಡಿಕೇರಿಯವರು ಆ ರಿಪೇರಿಗೂ ಸುಮಾರು 120 ಕಿ.ಮೀ. ಹೋಗಬೇಕು.

ಬಾಕಿ ಹಣ ಕಟ್ಟುವ ಮುನ್ನ ನಿಮಗೆ ಮೀಸಲಿಟ್ಟ ಕಾರಿನ ಚಾಸಿ ನಂಬರ್ ಕೇಳಿ ಪಡೆಯಿರಿ. ಅಕ್ಷರ, ಅಂಕಿ ಸೇರಿ 17 ಇರುತ್ತವೆ. ನೀವು ನೋಡಿದ ಕಾರು, ಇನ್‌ವಾಯ್ಸ್, ವಿಮೆ, ಫಾರ್ಮ್ 21 (ಮಾರಾಟ ಪತ್ರ) ಮತ್ತು 22 (ರಸ್ತೆಗೆ ಯೋಗ್ಯವೆಂಬ ತಯಾರಕರ ಪತ್ರ) ಎಲ್ಲದರಲ್ಲೂ ಅದೇ ಸಂಖ್ಯೆ ಇರಬೇಕು. ತಯಾರಾದ ತಿಂಗಳನ್ನೂ ಕೇಳಿ; ಫಾರ್ಮ್ 21ರಲ್ಲಿ ಅದು ನಮೂದಾಗುತ್ತದೆ.

ಮೈ ನೋಡಲು ಹಗಲು ಬೆಳಕು ಬೇಕು, ಕಾರು ಒಣಗಿರಬೇಕು. ಮಳೆಹನಿಯ ಕೆಳಗೆ ಗೀರು ಕಾಣದು. ಸೂರಿನಡಿ ನಿಲ್ಲಿಸಿ ಒರೆಸಲು ಹೇಳಿ. ಬಾಗಿಲಿಗೆ ಕೆನ್ನೆ ತಾಗುವಷ್ಟು ಹತ್ತಿರದಿಂದ ಓರೆಯಾಗಿ ನೋಡಿದರೆ ಗುಳಿ, ಅಲೆ ತಿಳಿಯುತ್ತವೆ. ರಬ್ಬರ್ ಬೀಡಿಂಗಿನ ಅಂಚಿನಲ್ಲಿ ಬಣ್ಣದ ತುಂತುರಿದ್ದರೆ, ಬಾನೆಟ್ ಮತ್ತು ಬಾಗಿಲ ಹಿಂಜಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ, ಯಾರೋ ಬಿಚ್ಚಿ ಸರಿಮಾಡಿರಬಹುದು. ಕಾರಣ ಕೇಳದೆ ಬಿಡಬೇಡಿ. ಪ್ಲಾಸ್ಟಿಕ್ ಬಂಪರಿನ ಬಣ್ಣ ಕೂದಲೆಳೆಯಷ್ಟು ಬೇರೆ ಕಂಡರೆ ಚಿಂತೆಯಿಲ್ಲ.

ಕೊಡಗಿನವರು ಇದಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಕಾರ್ಪೆಟ್‌ಗೆ. ಡೀಲರು ಕಾರು ನಿಲ್ಲಿಸಿಡುವ ಯಾರ್ಡಿನಲ್ಲಿ ಗಾಜು ಪೂರ್ತಿ ಏರಿಸದೆ ಬಿಟ್ಟಿದ್ದರೆ, ಬಾಗಿಲ ರಬ್ಬರ್ ಸರಿಯಾಗಿ ಕೂರದಿದ್ದರೆ, ನೀರು ಹರಿಯುವ ತೂತು ಕಟ್ಟಿದ್ದರೆ ಒಳಗೆ ನೀರು ಇಳಿದಿರುತ್ತದೆ. ಮ್ಯಾಟ್ ಎತ್ತಿ, ನಾಲ್ಕೂ ಸೀಟಿನ ಮುಂದೆ ಟಿಶ್ಯೂ ಇಟ್ಟು ಅಂಗೈಯಿಂದ ಒತ್ತಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಗುಂಡಿಯನ್ನೂ ತಡವಿ. ಸೀಟಿನ ಕಂಬಿಯಲ್ಲಿ ತುಕ್ಕಿದೆಯೇ ನೋಡಿ. ಕಾರ್ಪೆಟ್ ಅಡಿಯಲ್ಲೇ ವೈರಿಂಗ್ ಸಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವದಲ್ಲಿ ನೆನೆದದ್ದು ಒಣಗದೆ ಬೂಸ್ಟು ಹಿಡಿದು, ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹತ್ತುತ್ತದೆ. ಆಮೇಲೆ ಎಲ್ಲಿಯ ದೀಪ ಯಾವಾಗ ಕೆಡುತ್ತದೆಂದು ಮೆಕ್ಯಾನಿಕ್‌ಗೂ ಹುಡುಕುವುದು ಕಷ್ಟ. 'ಒಣಗಿಸಿ ಕೊಡುತ್ತೇವೆ' ಎಂದರೆ ಒಪ್ಪಬೇಡಿ, ಬೇರೆ ಕಾರು ಕೇಳಿ.

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2324 ಎಂದರೆ 2024ರ 23ನೇ ವಾರ. ಕಾರು ತಯಾರಾದ ತಿಂಗಳಿಗಿಂತ ಟೈರು ಹೊಸದಾಗಿದ್ದರೆ ಅದನ್ನು ಬದಲಿಸಿದ್ದಾರೆ. ಸಾಗಣೆಗೆಂದು ಹೆಚ್ಚು ತುಂಬಿದ ಗಾಳಿಯನ್ನು ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಂತೆ ಇಳಿಸಿ. ಇಲ್ಲದಿದ್ದರೆ ಒದ್ದೆ ತಿರುವಿನಲ್ಲಿ ಹಿಡಿತ ಕಡಿಮೆ.

ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ, ಮೊದಲೇ ಬಿಸಿಮಾಡಿಟ್ಟರೆ ಬ್ಯಾಟರಿಯ ಸೋಮಾರಿತನ ಗೊತ್ತಾಗದು. ಮಲ್ಟಿಮೀಟರ್ ಇದ್ದರೆ, ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ತೋರಿಸಬೇಕು. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್, ಎಬಿಎಸ್ ದೀಪಗಳು ಹತ್ತಿ ನಂತರ ಆರಬೇಕು. ಹತ್ತದೇ ಇದ್ದರೂ ದೋಷವೇ. ಮಂಜಿನ ದಾರಿಯವರು ಫಾಗ್ ಲ್ಯಾಂಪ್, ಮುಂದಿನ ಗಾಜಿನ ಡಿಫಾಗರ್, ವೈಪರ್ ಹಾಕಿಯೇ ನೋಡಲಿ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ ಪರೀಕ್ಷಿಸಿ. ನೋಂದಣಿಯಾಗದ ಕಾರನ್ನು ರಸ್ತೆಗಿಳಿಸಲು ಡೀಲರಿನ ಟ್ರೇಡ್ ನಂಬರ್ (ನೋಂದಣಿಯಾಗದ ಕಾರು ಓಡಿಸಲು ಡೀಲರಿಗೆ ಕೊಟ್ಟ ಸಂಖ್ಯೆ) ಬೇಕು, ಅದಿಲ್ಲದಿದ್ದರೆ ಯಾರ್ಡಿನೊಳಗೇ ಓಡಿಸಿ.

ಎರಡು ಕೀಲಿ, ಜಾಕ್, ಸ್ಪ್ಯಾನರ್ ಎಣಿಸಿ. ಕಂಡ ಕೊರತೆಗಳ ಫೋಟೊ ತೆಗೆದು, ಯಾವ ತಾರೀಖಿಗೆ ಸರಿಯಾಗುತ್ತದೆ ಎಂದು ಡೆಲಿವರಿ ಚೀಟಿಯಲ್ಲೇ ಬರೆಸಿ, ಅದರ ನಂತರ ಸಹಿ ಹಾಕಿ.