ಪ್ಲೈವುಡ್‌ಗೆ ಬಿಳಿಗಾರ ಕುಡಿಸಿದ್ದು: ನನ್ನ ಅನುಭವ

ಮಂಡ್ಯದಲ್ಲಿ ಸಿಂಕ್ ಕೆಳಗಿನ ಕ್ಯಾಬಿನೆಟ್ 5 ವರ್ಷ ಬಾಳಿದರೆ ಹೆಚ್ಚು ಅನ್ನೋದು ನಮ್ಮ ಕೆಲಸದವರ ಲೆಕ್ಕ. ನಾಲೆ ಸೀಮೆ, ಮಳೆಗಾಲದಲ್ಲಿ ಗೋಡೆಗೆ ತೇವ ಏರುತ್ತೆ. ನಾನು ಬಿಳಿಗಾರ (ಬೋರಾಕ್ಸ್, ಮರಕ್ಕೆ ಹುಳ, ಕೊಳೆ ಹಿಡಿಯದಂತೆ ತಡೆಯೋ ಉಪ್ಪು) ಕುಡಿಸಿ ಕೂರಿಸಿದ ಮೊದಲ ಅಡುಗೆಮನೆಗೆ 6 ವರ್ಷ ದಾಟಿದೆ. ಮೊನ್ನೆ ಹಿಂದಿನ ಹಲಗೆ ಬಿಚ್ಚಿ ಉಳಿ ಚುಚ್ಚಿ ನೋಡಿದೆ, ಕಲ್ಲಿನ ಹಾಗಿದೆ. "ಔಷಧಿ ಎಲ್ಲಾ ದಂಡ, ಮೆರೈನ್ ಪ್ಲೈ ಹಾಕಿ ಕೈತೊಳ್ಕೊ" ಅಂದಿದ್ದ ಮೇಸ್ತ್ರಿಗಳೇ ಈಗ ಅಳತೆ ಕೇಳ್ತಿದ್ದಾರೆ.

ಮೊದಲು ಬೇವಿನೆಣ್ಣೆ, ಸೀಮೆಎಣ್ಣೆ ಬಳಿದಿದ್ದೆ. ಎಣ್ಣೆ ಮೇಲೆ ಗೋಂದು ಹಿಡಿಯಲಿಲ್ಲ. ಒಂದು ವಾರ್ಡ್‌ರೋಬಿನ ಲ್ಯಾಮಿನೇಟ್ ಪೂರ್ತಿ ಎದ್ದು ಬಂತು, ಹೆಚ್ಚುಕಮ್ಮಿ 40,000 ನನ್ನ ಜೇಬಿಂದ ಹೋಯ್ತು.

ಈಗಿನ ಅಳತೆ: 10 ಲೀಟರ್ ಬಿಸಿನೀರಿಗೆ ಬಿಳಿಗಾರ 900 ಗ್ರಾಂ, ಬೋರಿಕ್ ಆ್ಯಸಿಡ್ 600. ಪೀಸು ಕೊಯ್ದು, ತೂತು ಹೊಡೆದ ಮೇಲೇ ಹಚ್ಚೋದು. ಹಲಗೆಯ ಅಗಲ ಮುಖದಿಂದ ಈ ನೀರು ಮೊದಲ ಗೋಂದಿನ ಪದರದವರೆಗೆ ಇಳಿದರೆ ಹೆಚ್ಚು. ನಿಜವಾಗಿ ಕುಡಿಯೋದು ಕೊಯ್ದ ಅಂಚು. ಅಂಚಿಗೆ ಮೂರ್ನಾಲ್ಕು ಸಲ ಹಚ್ಚಿ, ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಸುತ್ತಿ ಒಂದು ವಾರ ಬಿಡಿ. ಒಣಗಿಸಿ, ಮೇಲೆ ಕೂತ ಬಿಳಿ ಉಪ್ಪನ್ನು ಒರೆಸದೆ ಲ್ಯಾಮಿನೇಟ್ ಒತ್ತಬೇಡಿ. ಅಂಚು ಇನ್ನೂ ಆಳಕ್ಕೆ ಎಳೆದುಕೊಳ್ಳೋಕೆ ನಾನು ಬೆರೆಸೋದು ಇನ್ನೊಂದಿದೆ, ಅದು ನನ್ನ ಅಂಗಡಿಯಲ್ಲೇ ಇರಲಿ.

ಬಿಡಬ್ಲ್ಯೂಆರ್ (ಕುದಿನೀರು ತಡೆಯೋ ಪ್ಲೈ) ಇಲ್ಲ ಮೆರೈನ್‌ಗೆ (ಅದಕ್ಕಿಂತ ಗಟ್ಟಿ ದರ್ಜೆ) ಮಾತ್ರ ಇದು. ಎಂಆರ್ (ಬರೀ ತೇವ ತಡೆಯೋ) ಪ್ಲೈ ಪದರ ಬಿಡುತ್ತೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡಿಗೂ ಹಚ್ಚಿ ನೋಡಿದೆ, 18 ಎಂಎಂ ಅಂಚು 21ಕ್ಕೆ ಉಬ್ಬಿತು. ಅದಕ್ಕೆ ಪಿಯು (ಪಾಲಿಯುರೆಥೇನ್) ಸೀಲರ್, ಅಂಚು ಮುಚ್ಚೋ ಎಡ್ಜ್ ಬ್ಯಾಂಡ್ ಪಟ್ಟಿ ಅಷ್ಟೇ ದಾರಿ.

ರಬ್ಬರ್ ಮರದ ಬ್ಲಾಕ್‌ಬೋರ್ಡ್ (ಒಳಗೆ ಮರದ ಪಟ್ಟಿ ಜೋಡಿಸಿದ ಹಲಗೆ) ತರೋರು ಇನ್ನೂ ಎಚ್ಚರ. ಆ ಮರದಲ್ಲಿ ಪಿಷ್ಟ ಜಾಸ್ತಿ, ಕುಟ್ಟೆ ಹುಳಕ್ಕೆ ಅದೇ ಊಟ. ಕೆಳಗೆ ಹಿಟ್ಟು ಉದುರೋ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತೆ. ಹೋಲಿಕೆಗೆ ಅಂತ ಔಷಧಿ ಕಂಡ ತುಂಡು, ಕಾಣದ ತುಂಡು ಎರಡನ್ನೂ ಅಟ್ಟದಲ್ಲಿ ಇಟ್ಟಿದ್ದೆ. ಎರಡನೇ ವರ್ಷಕ್ಕೆ ಕಾಣದ್ದು ಜರಡಿಯಾಗಿತ್ತು.

ಗೆದ್ದಲಿಗೆ ಇದೊಂದೇ ಸಾಲದು. ಬಿಳಿಗಾರದ ಹಲಗೆ ಮೇಲೇ ಮಣ್ಣಿನ ಸುರಂಗ ಕಟ್ಟಿ ಪಕ್ಕದ ಬಾಗಿಲ ಚೌಕಟ್ಟಿಗೆ ಹೋಗುತ್ತೆ. ನೆಲ, ಗೋಡೆ ಸೇರೋ ಕಡೆ ತೂತು ಹೊಡೆಸಿ ಇಮಿಡಾಕ್ಲೋಪ್ರಿಡ್ ಅನ್ನೋ ಗೆದ್ದಲಿನ ಔಷಧಿ ಬಿಡಿಸಲೇಬೇಕು. ಮಳೆಗೆ ಸಿಗೋ ಕಡೆಯೂ ಬಿಳಿಗಾರ ಬೇಡ, ತೊಳೆದು ಹೋಗುತ್ತೆ.

ಒಂದು ಅಡುಗೆಮನೆಗೆ ಪುಡಿ, ಪ್ಲಾಸ್ಟಿಕ್ ಸೇರಿ 800-900 ರೂಪಾಯಿ, ಒಬ್ಬ ಹುಡುಗನ ಒಂದೂವರೆ ದಿನದ ಕೂಲಿ. ಬಿಲ್ಲಿನಲ್ಲಿ ಇದನ್ನು ಬೇರೆ ಸಾಲಾಗಿಯೇ ಬರೀತೀನಿ, ಈಚೆಗೆ ಯಾವ ಗಿರಾಕಿಯೂ ಚೌಕಾಸಿ ಮಾಡಿಲ್ಲ.