ಎದುರಾಳಿಯ ಮಾತಿಗೇ ಅಂಕ ಕೊಟ್ಟೆ

ನಮ್ಮ ಪದವಿ ಕಾಲೇಜಿನಲ್ಲಿ ದರ್ಶನಗಳ, ಅಂದರೆ ಭಾರತೀಯ ತತ್ವಶಾಸ್ತ್ರದ, ಪಾಠವೆಂದರೆ ಊಟದ ನಂತರದ ನಿದ್ದೆ. ಸ್ಲೈಡ್ ಹಾಕಿ ನೋಡಿದೆ. ದೀಪ ಆರಿಸಿದ ಕೂಡಲೇ ಹಿಂದಿನ ಬೆಂಚು ಮಲಗಿತು. ಮಠಗಳಿಂದ ವಿದ್ವಾಂಸರನ್ನು ಕರೆಸಿದೆ. ಸೊಗಸಾಗಿ ಪ್ರವಚನ ಮಾಡಿದರು, ಹುಡುಗರು ಕೈಮುಗಿದರು, ಒಬ್ಬನೂ ಪ್ರಶ್ನೆ ಕೇಳಲಿಲ್ಲ. ಕಾರು ಬಾಡಿಗೆ, ಶಾಲು, ಹಣ್ಣು ಸೇರಿ ಪ್ರತಿ ಸಲ 3,000ದ ಹತ್ತಿರ ನನ್ನ ಕಿಸೆಯಿಂದಲೇ ಹೋಯಿತು.

ಎದುರಾಳಿಯ ವಾದವನ್ನು ಮೊದಲು ಮುಂದಿಟ್ಟು ಆಮೇಲೆ ಖಂಡಿಸುವ ಪೂರ್ವಪಕ್ಷದ ಹಳೆಯ ಪದ್ಧತಿಯನ್ನು ತರಗತಿಗೆ ತರುತ್ತೇನೆ ಎಂದಾಗ ಸಿಬ್ಬಂದಿ ಕೊಠಡಿಯಲ್ಲಿ ನಕ್ಕರು. "ಧರ್ಮದ ವಿಷಯ ಸಾರ್, ಹೊಡೆದಾಟವಾದರೆ ಪೊಲೀಸರಿಗೆ ನೀವೇ ಉತ್ತರ ಹೇಳಿ" ಎಂದರು ಹಿರಿಯರೊಬ್ಬರು. ಹೊಡೆದಾಟವನ್ನು ತಡೆದದ್ದು ಅಂಕ. ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಿದರೆ ಇಂಟರ್ನಲ್‌ನ ಅರ್ಧಕ್ಕಿಂತ ಹೆಚ್ಚು ಅಂಕ. ಅವನು ತಲೆಯಾಡಿಸುವವರೆಗೆ ಖಂಡನೆಗೆ ಬಾಯಿ ತೆರೆಯುವಂತಿಲ್ಲ. ಗೆದ್ದದ್ದಕ್ಕೆ ಮಾತ್ರ ಸೊನ್ನೆ ಅಂಕ!

ಮೊದಲ ಸೆಮಿಸ್ಟರಿನಲ್ಲಿ ಅದೂ ಮುಗ್ಗರಿಸಿತು. ಎಲ್ಲರೂ ಗೈಡಿನ ಸಾಲು ಒಪ್ಪಿಸಿದರು, ಗೆಳೆತನಕ್ಕೆ ತಲೆಯಾಡಿಸಿದರು. ಕುದುರಿದ್ದು ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಹೋದ ಮೇಲೆ. ಅಲ್ಲಿನ ಕೋಡಿಮಠದ 1162ರ ಶಾಸನದ ಪಾಠವನ್ನು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಿಂದ ಜೆರಾಕ್ಸ್ ಮಾಡಿ ಹಂಚಿದೆ. ಶೈವರಲ್ಲೇ ಒಂದು ಪಂಥವಾದ ಕಾಳಾಮುಖರ ಮಠವದು. ಆದರೂ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯದ ಸಾಲಿನಲ್ಲಿ ಬೌದ್ಧ ದರ್ಶನಕ್ಕೂ ಅಲ್ಲಿ ವ್ಯಾಖ್ಯಾನವಿತ್ತು. ಎದುರು ಮತವನ್ನು ಮನೆಯೊಳಗೇ ಕೂರಿಸಿಕೊಂಡು ಓದಿದ್ದರು ಎಂದು ತಿಳಿದಾಗ ಹುಡುಗರ ಕಿವಿ ನೆಟ್ಟಗಾಯಿತು.

ಕೇದಾರೇಶ್ವರ ಗುಡಿಯ ಹೊರಗೆ ಪುರೋಹಿತರ ಮನೆಯ ಹುಡುಗಿಗೆ ಎಲ್ಲವೂ ಕ್ಷಣಕ್ಷಣಕ್ಕೂ ಬದಲಾಗುತ್ತದೆ ಎನ್ನುವ ಬೌದ್ಧ ಪಕ್ಷ ಕೊಟ್ಟೆ. ನೈಯಾಯಿಕನಾಗಿ, ಅಂದರೆ ನ್ಯಾಯ ದರ್ಶನದ ಪರವಾಗಿ, ನಿಂತ ಹುಡುಗ, "ಎಲ್ಲವೂ ಕ್ಷಣಿಕವಾದರೆ ನಿನ್ನೆ ಕ್ಯಾಂಟೀನಿನಲ್ಲಿ ಸಾಲ ಮಾಡಿದವಳು ನೀನಲ್ಲ; ಇವತ್ತು ಯಾರು ತೀರಿಸಬೇಕು?" ಎಂದ. ಅವಳು ತಡವರಿಸಲಿಲ್ಲ. "ಮೊದಲು ನನ್ನ ವಾದವನ್ನು ಸರಿಯಾಗಿ ಹೇಳು. ನಾನು ಬೇರೆಯವಳು ಎನ್ನಲಿಲ್ಲ, ಅವಳೇ ಎಂದೂ ಎನ್ನಲಿಲ್ಲ. ಸಂತಾನ, ಅಂದರೆ ಕ್ಷಣಗಳ ಸರಣಿ, ಮುಂದುವರಿಯುತ್ತದೆ, ಸಾಲವೂ ಅದರ ಜೊತೆಗೇ ಬರುತ್ತದೆ" ಎಂದಳು. ಅವನು ಎರಡು ಸಲ ಹೇಳಿದರೂ ಅವಳು ತಲೆಯಾಡಿಸಲಿಲ್ಲ. ಮೂರನೆಯ ಸಲ ಒಪ್ಪಿದಳು. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದು ನನ್ನಿಂದ ಆಗದ್ದು ಕಾಲು ಗಂಟೆಯಲ್ಲಿ ಆಯಿತು.

ಶಿಕಾರಿಪುರದ ಮೇಲೆ ಬಳ್ಳಿಗಾವೆಗೆ ಹೋಗಿ ಬರಲು ಮಿನಿಬಸ್ಸಿಗೆ 9,000ದ ಆಸುಪಾಸು, ತಲೆಗೆ 300 ಚಿಲ್ಲರೆ ಬಿದ್ದೀತು. ಮಳೆಗಾಲದಲ್ಲಿ ಹೊರಡಲೇಬೇಡಿ, ನಮ್ಮ ಒಂದು ಪ್ರವಾಸ ಬಸ್ಸಿನೊಳಗೇ ಮುಗಿದಿದೆ. ಶಾಸನದ ಸವೆದ ಅಕ್ಷರಗಳಿಗೆ ಸಂಜೆ ಪಕ್ಕದಿಂದ ಟಾರ್ಚ್ ಹಿಡಿಯಿರಿ, ಸುಣ್ಣ ಬಳಿಯಬೇಡಿ. ಯಾರಿಗೆ ಯಾರನ್ನು ಜೋಡಿ ಮಾಡಬೇಕು ಎಂಬುದರಲ್ಲೇ ಇಡೀ ಮರ್ಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ಹೊಂಬುಜದ ಜೈನ ಮಠ ನೋಡಿ ಬಂದ ಮೇಲೆ, ಅಹಿಂಸೆಗಾಗಿ ಜೈನರು ಪಾಲಿಸುವಂತೆ ಹಾಸ್ಟೆಲಿನಲ್ಲಿ ಒಂದು ವಾರ ಸೂರ್ಯಾಸ್ತದ ನಂತರ ಊಟವಿಲ್ಲ ಎಂದೆವು. ಬೇಗ ಒಲೆ ಹಚ್ಚಲು ಅಡುಗೆಯವರಿಗೆ 1,500ರಷ್ಟು ಹೆಚ್ಚುವರಿ ಕೊಡಬೇಕಾಯಿತು. ನಡುವಾರಕ್ಕೇ ಅರ್ಧ ಜನ ಬೇಕರಿಗೆ ಓಡಿದ್ದರು. ಉಳಿದವರು ಅಹಿಂಸೆಯ ಬಗ್ಗೆ ಬರೆದ ಉತ್ತರಗಳು ಮಾತ್ರ ಯಾವ ಗೈಡಿನಲ್ಲೂ ಸಿಗುವಂಥವಲ್ಲ. ಮುಂದಿನ ಸಲ ಮೂರು ದಿನಕ್ಕೆ ಇಳಿಸುತ್ತೇನೆ.